ಚೀಲ ಮೂರು

ರಾಯಬಂದರದ ಫೆರಿಯಲ್ಲಿ ದಿನಾ ಬೆಳಿಗ್ಗೆ
ಉಳಿ, ಸುತ್ತಿಗೆ, ನಾರಿನ ಕುಂಚ,
ಮೀನಿನ ಬುಟ್ಟಿ, ಎರಡು ಸ್ಕೂಟರು, ನಾನು.
ಚೋಡಣದಲ್ಲಿ ಹಲಗೆ ಬೀಳುವ ಸದ್ದಿಗೆ
ಬಕಗಳು ಎದ್ದು ಮತ್ತೆ ಅಲ್ಲೇ ಕೂರುತ್ತವೆ.

ಗುಡ್ಡದ ಮೇಲೆ ಸಣ್ಣ ಇಗರ್ಜಿ,
ಅದರ ಬೆನ್ನಿಗೆ ಮರ.
ಯಾವನೋ ಸನ್ಯಾಸಿ ಹಡಗಿನಲ್ಲಿ
ಒದ್ದೆ ಬಟ್ಟೆ ಸುತ್ತಿ ತಂದನಂತೆ.
ಆಲಿವ್. ಆ ಹೆಸರು ನಾನು ಕಂಡದ್ದು ಎಣ್ಣೆ ಬಾಟಲಿಯ ಮೇಲೆ.
ಎಲೆ ಮೇಲ್ಮೈ ಹಸಿರು, ಕೆಳಗೆ ಬೂದಿ;
ಗಾಳಿ ಬಂದರೆ ಇಡೀ ಮರ ಮಗ್ಗುಲು ಬದಲಿಸಿದಂತೆ.
ಕಾಯಿ? ಇಲ್ಲ. ಒಮ್ಮೆಯೂ ಇಲ್ಲ.
ಹೂ ಬಿಡಲು ಅದಕ್ಕೆ ಚಳಿ ಬೇಕಂತೆ,
ಇಲ್ಲಿ ಸಿಗುವುದು ಬೆವರು.

ಹೀಗೆಂದವರು ಪುಣೆಯ ಮರದ ಡಾಕ್ಟರು, ಕೇತಕಿಬಾಯಿ.
ಕಿವಿಗೆ ಹಾಕುವ ನಳಿಗೆ ಇಲ್ಲ ಅವರ ಬಳಿ,
ಮರದ ಕೊಡತಿಯೊಂದಿದೆ. ತಟ್ಟುತ್ತಾರೆ. ತಲೆ ವಾಲಿಸುತ್ತಾರೆ.
“ಪೊಟರೆ ರೋಗವಲ್ಲ,” ಅಂದರು.
“ರೋಗ, ಅದರೊಳಗೆ ತುಂಬಿದ್ದು.”

ತುಂಬಿದ್ದು ಸಿಮೆಂಟು.
ಎಂದೋ ಯಾರೋ, ಹುಳುಕು ಹಲ್ಲಿಗೆ ತುಂಬಿದಂತೆ,
ಸೊಂಟದೆತ್ತರ ಜಡಿದು ನುಣ್ಣಗೆ ಸವರಿದ್ದರು.
ಒಳ್ಳೆಯದಕ್ಕೇ.
ಸಂದಿಗಿಳಿದ ಮಳೆ ಹೊರಬರಲಾರದೆ
ಐವತ್ತು ವರ್ಷ ಅಲ್ಲೇ ಹುಳಿತಿತ್ತು.

ಹನ್ನೊಂದು ದಿನ ಕೆತ್ತಿದೆ. ಅಂಗುಲ ಅಂಗುಲ.
ಉಳಿ ಜಾರಿದರೆ ಜೀವದ ತೊಗಟೆ.
ಬಾದಾಮಿಯ ಕಲ್ಲಿನ ಮೇಲೆ ಪಳಗಿದ ಕೈ ಇದು,
ಮರದಿಂದ ಕಲ್ಲು ಬಿಡಿಸುವುದು ಕಲಿತದ್ದು ಈಗ.
ಹನ್ನೆರಡನೆಯ ದಿನ ದೊಡ್ಡ ಗಡ್ಡೆಯೊಂದು ಸಡಿಲಿ
ಮಡಿಲಿಗೇ ಬಿತ್ತು, ಕೂಸಿನ ತೂಕ.
ಮೇಲಿನ ಸವರಿಕೆ ಹಪ್ಪಳದಂತೆ ಎದ್ದುಬಂತು.
ಅದರಡಿ, ಹಸಿಯಿದ್ದಾಗ ಮೊಳೆಯಲ್ಲಿ ಗೀರಿದ್ದು:

        ದ್ಯಾಮಪ್ಪ ಕೆರೂರ
        ಚೀಲ ೩

ಇಲ್ಲಿ ಜಪ ಕೊಂಕಣಿ, ಗೋರಿಗಳು ಪೋರ್ಚುಗೀಸು,
ಬಸ್ಸಿನ ಬೈಗುಳ ಮರಾಠಿ.
ನನ್ನ ಅಕ್ಷರ ಮರದ ಹೊಟ್ಟೆಯಲ್ಲಿತ್ತು.
ಕೆರೂರು ನಮ್ಮೂರಿಗೆ ಒಂಬತ್ತು ಮೈಲಿ.
ಕೈ ನಡುಗಿತು ಅಂತೇನೂ ಹೇಳಲಾರೆ.
ಕಟ್ಟೆಯಾಚೆ ಹೋಗಿ ಒಂದು ಬೀಡಿ ಹಚ್ಚಿದೆ.

ಪಾದ್ರಿ ಬೆರ್ನಾರ್ದಿನ್ ಕೇಳಿದರು, ಓದಿ ಹೇಳಿದೆ.
ಅವರು ಒಳಗೆ ಹೋಗಿ ಗೆದ್ದಲು ತಿಂದ ಲೆಕ್ಕದ ಪುಸ್ತಕ ತಂದು
ಬೆರಳಿಟ್ಟು ಸಾಲು ಸಾಲು ಇಳಿದರು, ನಿಂತರು:
“ಮರದ ರಿಪೇರಿ. ಸಿಮೆಂಟು, ಐದು ಚೀಲ.”

ಮೇಣ ಕೆರೆಯುತ್ತ ಕೂತಿದ್ದ ಕಿತೇರಿಯಾ ಒಲಿವೇರಾ
(ಈ ಮರದ್ದೇ ಹೆಸರು ಅವರ ಮನೆತನಕ್ಕೆ,
ಎಪ್ಪತ್ತೆರಡಾದರೂ ಕಾಯಿಯ ರುಚಿ ಗೊತ್ತಿಲ್ಲ)
ಮೊದಲು ಕೆಮ್ಮಿದರು. ಆಮೇಲೆ
ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.
“ಆಗ ಲೆಕ್ಕ ಬರೆಯುತ್ತಿದ್ದದ್ದು ನನ್ನಪ್ಪ.
ನಮ್ಮ ಮನೆ ಮೆಟ್ಟಿಲು ಆ ವರ್ಷದ್ದೇ.
ಅದೂ ಬಿರುಕು ಬಿಟ್ಟಿದೆ, ಬಾ ನೋಡು.”

ಮರುದಿನ ಕೊಡ ಹೊತ್ತು ಗುಡ್ಡ ಹತ್ತಿ ಬಂದರು.
ಬೇಡ ತಾಯಿ, ಇದಕ್ಕೆ ನೀರೇ ಹಗೆ, ಅಂದೆ.
“ಮತ್ತೆ ನಾನೇನು ಕೊಡಲಿ?”
ಕುಂಚ ಕೊಟ್ಟೆ.
ಮೊಣಕಾಲೂರಿ ಪೊಟರೆ ಗುಡಿಸಿದರು.
ಪ್ರಾರ್ಥನೆಯೋ, ಅಪ್ಪನ ಮೇಲಿನ ಗೊಣಗೋ,
ನನಗೆ ಬಿಡಿಸಿ ಕೇಳಿಸಲಿಲ್ಲ.

ಈಗ ಒಳಗೆ ಗಾಳಿ ಆಡುತ್ತದೆ.
ಕೊಡತಿಯ ಏಟಿಗೆ ಮರ ಬೇರೆಯೇ ದನಿಯಲ್ಲಿ ಓಗೊಡುತ್ತದೆ.
ಬದುಕೀತೆ? “ಮೂರು ಮಳೆಗಾಲ ನೋಡೋಣ,” ಅಂದರು ಡಾಕ್ಟರು.
ದ್ಯಾಮಪ್ಪನ ಗಡ್ಡೆ ಇಗರ್ಜಿಯ ಹಿಂಬಾಗಿಲಿಗೆ ಒತ್ತಾಗಿದೆ,
ಗಾಳಿಗೆ ಬಡಿದುಕೊಳ್ಳದಿರಲೆಂದು.

ಕೊನೆಯ ಫೆರಿಗೆ ಇನ್ನೂ ಹೊತ್ತಿತ್ತು.
ಬುಡದ ಜಂಬಿಟ್ಟಿಗೆ ಕಟ್ಟೆಯಲ್ಲಿ, ಹುಲ್ಲು ಮುಚ್ಚುವ ಕಡೆ,
ನಾನೂ ಗೀರಿದೆ,
ಓದುವವರು ಬರಲಿ, ಬಾರದಿರಲಿ:
ಹೆಸರು. ಊರು.
ಚೀಲ ೦