ಅರವತ್ತೆಂಟಕ್ಕೊಂದು

ಕಂಬದ ಮೇಲೆ ಎರಡು ತೋಳು.
ಒಂದು ಚೂರು ಮೇಲಕ್ಕೆ, ಇನ್ನೊಂದು ನೆಟ್ಟಗೆ.
ಬಣ್ಣ ಸುಲಿದ ಹಲಗೆಯಲ್ಲಿ ಅಂಕಿ ಕಣ್ಣಿಗೆ ಸಿಗದು,
ಕೈಗವಸು ಬಿಚ್ಚಿ ಬೆರಳಾಡಿಸಿದರೆ ಸಿಗುತ್ತದೆ:
ಅರವತ್ತೆಂಟಕ್ಕೊಂದು.
ಅಂದರೆ ಅರವತ್ತೆಂಟು ಅಡಿ ಮುಂದೆ ಹೋದರೆ
ಒಂದಡಿ ಮೇಲೆ. ಅಷ್ಟೆ.
ಕುರಿಗಳಿಗೆ ಇದು ಗೊತ್ತೇ ಆಗುವುದಿಲ್ಲ.

ಹಳಿ ಕಿತ್ತು ಅರವತ್ತು ವರ್ಷ.
ಬ್ಲೈನ್‌ಹೆಲಿಗ್ ಕವಲು ದಾರಿ ಈಗ
ಭೂಪಟದಲ್ಲಿ ಚುಕ್ಕಿಚುಕ್ಕಿ ಗೆರೆ, ಆಟಕ್ಕುಂಟು ಲೆಕ್ಕಕ್ಕಿಲ್ಲ.
ನಾನು ಅದನ್ನು ಲೆಕ್ಕಕ್ಕೆ ತರುತ್ತಿದ್ದೇನೆ:
ಅಡುಗೆಮನೆ ಮೇಜು, ಆರಿದ ಟೀ, ಕಂಪ್ಯೂಟರಿನ ನೀಲಿ ಬೆಳಕು,
ಮೈಲಿ, ಚೈನು, ಎತ್ತರ, ಏರು, ಆಧಾರ, ಷರಾ.
ವೇಲ್ಸಿನ ಮುಚ್ಚಿದ ದಾರಿಗಳೆಲ್ಲ ಸಾಲು ಸಾಲಾಗಿ
ಯಾರು ಬೇಕಾದರೂ ತೆರೆದು ನೋಡುವ ಹಾಗೆ,
ಸಾವಿರದ ನೂರ ನಲವತ್ತು ಸಾಲು.
ನೋಡುವವರು ಯಾರೇ ಎಂದು ಅಕ್ಕ ಕೇಳುತ್ತಾಳೆ.
ಕೇಳಲಿ.

ಇದ್ವಾಲ್ ಪ್ರಾಥರೋ ಮಾತ್ರ ಒಪ್ಪಲಿಲ್ಲ.
ತೊಂಬತ್ತೊಂದು ವರ್ಷ; ಹದಿನಾರಕ್ಕೇ ಇಂಜಿನ್ ಹತ್ತಿದವನು,
ಒಲೆಗೆ ಕಲ್ಲಿದ್ದಲು ಎರಚುವ ಹುಡುಗನಾಗಿ.
"ಸುಳ್ಳು. ಅರವತ್ತೊಂದಕ್ಕೊಂದು."
ಕಚೇರಿಯ ನಕ್ಷೆ ತೋರಿಸಿದೆ, ಕಂಬದ ಫೋಟೋ ತೋರಿಸಿದೆ.
"ಕಂಬ ನೆಟ್ಟವರು ನಡೆದುಕೊಂಡು ಬಂದರು, ಟೆಗ್ವೆನ್.
ನಾನು ಸಲಿಕೆ ಹಿಡಿದು ಬಂದೆ.
ಮೂರನೇ ಮೈಲಿ ದಾಟಿದ ಮೇಲೆ, ಓಕ್ ತೋಪಿನ ಹತ್ತಿರ,
ಹದಿನಾಲ್ಕು ಸಲಿಕೆ ಹೆಚ್ಚು. ಪ್ರತಿ ಸಲ. ಬೇಸಿಗೆಯಲ್ಲೂ."
ಅಂಗೈ ಚಾಚಿದ.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಿಜ,
ಆದರೆ ಹುಣ್ಣು ಮಾಗಿ ಎಷ್ಟೋ ಕಾಲ;
ಅಲ್ಲಿ ಈಗ, ಮರೆಯಬಾರದೆಂದು ಅವನೇ ಬರೆದುಕೊಂಡ
ಮಾತ್ರೆಯ ಹೊತ್ತು.

ಒಂದು ಚೌಕದಲ್ಲಿ ಒಂದೇ ಅಂಕಿ ಕೂರುತ್ತದೆ.

ಶನಿವಾರ ಪಕ್ಕದ ಮನೆಯ ಗೆಥಿನ್‌ನನ್ನು ಕರೆದುಕೊಂಡು ಹೋದೆ.
ಅವನ ಕೈಗೆ ಅಳತೆಗೋಲು, ನನ್ನ ಕೈಗೆ ರಸಮಟ್ಟ.
ಗುಳ್ಳೆ ನಡುವಿಗೆ ಬರುವವರೆಗೆ ಉಸಿರು ಬಿಗಿಹಿಡಿದೆವು.
ಜರೀಗಿಡ, ಕೆಸರು, ಬ್ಯಾಡ್ಜರ್ ತೋಡಿದ ಬಿಲ,
ಮಳೆ ಹೊತ್ತೊಯ್ದು ಉಳಿಸಿದಷ್ಟು ಜಲ್ಲಿ.
ಮೂರು ಸಲ ಅಳೆದೆವು: ಅರವತ್ತನಾಲ್ಕಕ್ಕೊಂದು.
ನೆಲದ್ದೇ ಮೂರನೆಯ ಅಭಿಪ್ರಾಯ.
ಗೆಥಿನ್ ನಕ್ಕ. ನನಗೆ ನಗು ಬರಲಿಲ್ಲ.

ಹೋಗಿ ಹೇಳಿದೆ. ಮುದುಕ ಕಣ್ಣು ಮುಚ್ಚಿದ್ದ, ನಿದ್ದೆ ಅಂದುಕೊಂಡೆ.
ಹೊದಿಕೆಯ ಮೇಲೆ ಅವನ ಬಲಗೈ ಮೆಲ್ಲನೆ
ಎಡಕ್ಕೆ ಬಾಗುತ್ತ ಹೋಯಿತು.
"ತಿರುವು," ಅಂದ. "ಅಲ್ಲೊಂದು ತಿರುವಿತ್ತು ನೋಡು.
ಕೀರ್ ಅಂತ ಚಕ್ರ ಹಳಿಯನ್ನು ಕಚ್ಚಿಕೊಳ್ಳುತ್ತಿತ್ತು,
ಹಿಂದಿನ ಡಬ್ಬಿಗಳೆಲ್ಲ ಒಮ್ಮೆಗೇ ಭಾರವಾಗುತ್ತಿದ್ದವು.
ಕಂಬಕ್ಕೆ ತಿರುವು ತಿಳಿಯದು."

ರಾತ್ರಿ ಏರಿನ ಚೌಕದಲ್ಲಿ ಅರವತ್ತೆಂಟೇ ಬರೆದೆ.
ಷರಾದಲ್ಲಿ: ಸಲಿಕೆ ಹದಿನಾಲ್ಕು ಹೆಚ್ಚು, ಇ. ಪ್ರಾಥರೋ.
ಆಮೇಲೆ ಏರಿಗೂ ಆಧಾರಕ್ಕೂ ನಡುವೆ
ಹೊಸದೊಂದು ಕಾಲಂ ತೆರೆದೆ: ತಿರುವು.
ತೆರೆದ ಕ್ಷಣವೇ
ಸಾವಿರದ ನೂರ ಮೂವತ್ತೊಂಬತ್ತು ಸಾಲು ಖಾಲಿಯಾದವು.
ಮುಗಿಯಿತು ಅಂದುಕೊಂಡಿದ್ದ ದೇಶವೆಲ್ಲ ಮತ್ತೆ ಬೆಳ್ಳಗೆ.

ನಾಳೆ ನಾಲ್ಕನೇ ಮೈಲಿಯದು ಕೇಳಬೇಕು.
ಬೆಳಿಗ್ಗೆ ಹತ್ತರೊಳಗೆ,
ಮಾತ್ರೆಗೆ ಮೊದಲು.