ಕಣ್ಣು ಎಣಿಸುವುದು

ಮೊದಲ ದಿನ ಆಗ್ನೆಲ್ ಸರ್ ಕಂಪ್ಯೂಟರ್ ಹಚ್ಚಲೇ ಇಲ್ಲ.
ಗ್ರಾಫ್ ಹಾಳೆ ಹಂಚಿದರು, ತಲೆಗೊಂದು.
ಈ ಮೂಲೆಯಿಂದ ಆ ಮೂಲೆಗೆ ಗೆರೆ ಬೇಕು,
ಆದರೆ ಎಳೆಯಬೇಡಿ, ಅಂದರು.
ಮನೆ ತುಂಬಿ. ಬರಿಯ ಮನೆ.
ಅರ್ಧ ಮನೆ ಇಲ್ಲ, ಮುಕ್ಕಾಲು ಮನೆ ಇಲ್ಲ,
ತುಂಬಿದರೆ ತುಂಬಿತು, ಇಲ್ಲವಾದರೆ ಖಾಲಿ.

ನನ್ನದು ಮೆಟ್ಟಿಲಾಯಿತು.
ಮೆಹಜಬೀನಳದ್ದೂ ಮೆಟ್ಟಿಲೇ,
ಸದಾಶಿವಗಡ ಇಳಿದು ಬಂದ ಹಾಗೆ.
ಸರ್ ನಕ್ಕರು:
ಪರದೆಯ ಮೇಲೆ ನೆಟ್ಟಗಿನ ಓರೆಗೆರೆ ಎಂಬುದಿಲ್ಲ,
ದೂರ ಎಂಬುದೊಂದಿದೆ, ಅಷ್ಟೆ.

ಆಮೇಲೆ ಬಣ್ಣ.
ಕೆಂಪು ಹಸಿರು ನೀಲಿ, ಒಂದೊಂದಕ್ಕೂ
ಸೊನ್ನೆಯಿಂದ ಇನ್ನೂರ ಐವತ್ತೈದು.
ಲ್ಯಾಬಿನ ಕಿಟಕಿಯಿಂದ ಮೊಬೈಲಿನಲ್ಲಿ ಹಿಡಿದ ಕಡಲನ್ನು
ಡ್ರಾಪರಿನ ತುದಿಯಿಂದ ಚುಚ್ಚಿ ನೋಡಿದೆ:
ತೊಂಬತ್ತೆಂಟು, ನೂರ ನಾಲ್ಕು, ತೊಂಬತ್ತೊಂದು.
ಪ್ರಬಂಧದಲ್ಲೆಲ್ಲ ನೀಲಿ ಎಂದು ಬರೆದು ಅಂಕ ಪಡೆದವಳು ನಾನು.
ಕಾಳಿ ಕೆಸರು ತಂದು ಸುರಿಯುವ ಶ್ರಾವಣದಲ್ಲಿ
ಅದು ಬೂದಿ,
ತುಸು ಹಸಿರಿನ ಕಡೆ ವಾಲಿದ್ದು.
ಅಮ್ಮ ಬಂಗಡೆಯ ಬುಟ್ಟಿ ಇಳಿಸುತ್ತ
ಇದಕ್ಕೆ ಕಾಲೇಜು ಬೇಕಿತ್ತಾ ಅಂದಳು,
ನೀರಿನ ಬಣ್ಣ ನೋಡಿಯೇ
ತಾರ್ಲೆ ಬಂತು ಅಂತಿದ್ದ ನಿನ್ನಜ್ಜ.

ಚಹಾದಾನಿಯೊಂದನ್ನು ಮಾಡಬೇಕಿತ್ತು.
ಗ್ರಾಫಿಕ್ಸ್ ಕಲಿಯುವವರೆಲ್ಲ ಮೊದಲು ಅದನ್ನೇ ಮಾಡುವುದಂತೆ,
ಯಾವುದೋ ದೇಶದ ಯಾರದೋ ಅಡುಗೆಮನೆಯದು.
ತ್ರಿಕೋನಕ್ಕೆ ತ್ರಿಕೋನ ಹೊಲಿದು ಹೊಟ್ಟೆ ದುಂಡಗಾಯಿತು,
ಬೆಳಕು ಎಲ್ಲಿಂದ ಎಂದು ಹೇಳುವುದನ್ನೇ ಮರೆತಿದ್ದೆ,
ಅಮಾವಾಸ್ಯೆಯ ಹಾಗೆ ಕಪ್ಪಗೆ ಕೂತಿತು.
ಎಡಕ್ಕೊಂದು ದೀಪ ಇಟ್ಟೆ. ಮೂತಿ ಕಂಡಿತು.
ಅಷ್ಟರಲ್ಲಿ ಕರೆಂಟು.
ಸೇವ್ ಮಾಡಿರಲಿಲ್ಲ.
ಕ್ಯಾಂಟೀನಿಗೆ ಹೋಗಿ ಕುಡಿದೆವು ಎಲ್ಲರೂ,
ಅಲ್ಯುಮಿನಿಯಂ ಪಾತೇಲಿಯಿಂದ ಸೌಟಿನಲ್ಲಿ ಎತ್ತಿ ಸುರಿದದ್ದು;
ಅದಕ್ಕೆ ಮೂತಿಯೂ ಇಲ್ಲ, ಹಿಡಿಕೆಯೂ ಇಲ್ಲ.

ಗೆರೆಯ ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ.
ಹತ್ತು ಮನೆ ಅಡ್ಡ, ಮೂರು ಮನೆ ಕೆಳಗೆ:
ಎಲ್ಲಿ ಇಳಿಯಬೇಕು?
ಬಾಕಿ ಹೊತ್ತು ನಡೆ, ಅಂದರು ಸರ್,
ಹೆಜ್ಜೆಗೆ ಮೂರರಂತೆ ಸಾಲ ಏರುತ್ತದೆ,
ಐದು ದಾಟಿತೋ, ಒಂದು ಮನೆ ಇಳಿ,
ಹತ್ತು ತೀರಿಸು, ಮತ್ತೆ ನಡೆ.
ಬಸ್ಸಿನಲ್ಲಿ ಕೋಡಿಬಾಗ ಬರುವವರೆಗೂ
ಬೆರಳು ಮಡಿಸಿ ಎಣಿಸಿದೆ. ಯಾರ ಸಾಲ ಯಾರಿಗೆ?

ಭಾನುವಾರ ಬೈತಖೋಲದ ದಕ್ಕೆಯಲ್ಲಿ
ಬುದವಂತ ಮಾವ ಹೊಸ ಬಲೆಯನ್ನು ಓರೆಯಾಗಿ ಕತ್ತರಿಸುತ್ತಿದ್ದ.
ತುಟಿಯಲ್ಲಿ ಆರಿದ ಬೀಡಿ,
ಕಾಲ್ಬೆರಳಿಗೆ ಸಿಕ್ಕಿಸಿದ ನೈಲಾನು.
ಎರಡು ಕಣ್ಣು, ಇಳಿತ.
ನಾಲ್ಕು ಕಣ್ಣು, ಇಳಿತ.
ಮೂರು ಕಣ್ಣು, ಇಳಿತ. ಮತ್ತೊಂದು ಕಣ್ಣು.
ನಾನು ಅಲ್ಲೇ ಕೂತುಬಿಟ್ಟೆ.
ಒಮ್ಮೆ ನಾಲ್ಕು, ಒಮ್ಮೆ ಮೂರು, ಯಾಕೆ ಮಾವ?
“ಒಂದೇ ಸಮ ಕತ್ತರ್ಸಿರೆ ಕಡೀಗೆ ಸೆರಗು ಉಳೀತದೆ.
ತಪ್ಪನ್ನ ಒಂದೇ ಬದಿ ಇಡುಕಾಗ,
ಹಂಚಿ ಹಾಕ್ಬೇಕು.”
ಆಮೇಲೆ ಕೇಳಿದ, ನೀವು ಅಲ್ಲಿ ಎಂತ ಮಾಡೂದು?
ಗೆರೆ, ಅಂದೆ.
ಗೆರೆಗೆ ಎಂತ ಬೀಳ್ತದೆ?

ಸೋಮವಾರ ನನ್ನ ಪ್ರೋಗ್ರಾಮು ಓಡಿತು.
ಎರಡರಲ್ಲಿ ಇಳಿಯಿತು, ಆರರಲ್ಲಿ, ಒಂಬತ್ತರಲ್ಲಿ,
ಹತ್ತಕ್ಕೆ ಬಾಕಿ ಸೊನ್ನೆ.
ಜರ್ನಲಿನ ಕೊನೆಗೆ, ಆಧಾರ ಗ್ರಂಥಗಳ ಕೆಳಗೆ ಬರೆದೆ:
ಬುದವಂತ ಹರಿಕಾಂತ, ಬೈತಖೋಲ.

ಸರ್ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.
ಹೊರಗಿನ ಪರೀಕ್ಷಕರು ಒಪ್ಪಲಿಕ್ಕಿಲ್ಲ ಮಗಾ ಎಂದು
ಕೆಂಪು ಪೆನ್ನಿನಿಂದ ಹೆಸರಿನ ಮೇಲೆ ಗೆರೆ ಹೊಡೆದರು,
ಓರೆಯದು,
ಒಂದೂ ಮೆಟ್ಟಿಲಿಲ್ಲದ್ದು.
ಪೆನ್ನಿಗೆ ಮನೆಗಳ ಹಂಗಿಲ್ಲ.
ಗೆರೆಯ ಅಡಿಯಲ್ಲಿ ಹೆಸರು ಇನ್ನೂ ಓದಲು ಬರುತ್ತಿತ್ತು.
ಪಕ್ಕದಲ್ಲೇ ಸಹಿ ಹಾಕಿ ಕೊಟ್ಟರು.