ಹಲ್ಲಿತುಸ್

ಒಂಬತ್ತು ವರ್ಷ ಹಿಡಿದದ್ದು ಇದೊಂದೇ ಜರಡಿ.
ಕೋಪ್ಲಿಯ ಟ್ರಾಮ್ ಹಳಿ ಮುಗಿಯುವಲ್ಲಿ,
ಮರದ ಮನೆಯ ಮೇಲಿನ ಮಹಡಿಯಲ್ಲಿ,
ಕಿಟಕಿಯ ಮಂಜನ್ನು ತೋಳಿನಿಂದ ಒರೆಸುತ್ತ
ಕಂಡರಿಯದವರ ಟ್ಯಾಗುಗಳನ್ನು ಸೋಸುತ್ತ ಬಂದೆ.
ಸ್ಕ್ರಿಪ್ಟ್ ಎಂದವನನ್ನು ಕಿತ್ತೆ.
ಮುಟ್ಟಿದರೆ ಓಡುತ್ತೇನೆ ಎಂದವನನ್ನೂ ಕಿತ್ತೆ.
ನಡುವೆ ಖಾಲಿ ಜಾಗ ತೂರಿಸಿ
ವೇಷ ಮರೆಸಿ ಬಂದವನನ್ನು
ನಡಿಗೆಯಲ್ಲೇ ಗುರುತು ಹಿಡಿದೆ.
ದಪ್ಪಕ್ಷರ, ಓರೆ ಅಕ್ಷರ, ಬೆಕ್ಕಿನ ಚಿತ್ರ,
ಹೋಗಿ ಬನ್ನಿ, ನಿಮಗೆ ದಾರಿಯುಂಟು.

ಸಂಬಳವಿಲ್ಲ. ಒಮ್ಮೆ ಯಾರೋ
ಕಾಫಿಗೆಂದು ಐದು ಯೂರೋ ಕಳಿಸಿದ್ದರು.
ಈ ಜರಡಿಯ ಕೆಳಗೆ ಎಷ್ಟು ಬ್ಯಾಂಕು, ಎಷ್ಟು ಆಸ್ಪತ್ರೆ
ಬೊಗಸೆಯೊಡ್ಡಿ ನಿಂತಿವೆಯೋ
ಎಣಿಸಲು ಹೋಗಲಿಲ್ಲ.
ನಿದ್ದೆ ಬೇಕಲ್ಲ.

ನವೆಂಬರಿನ ಮಂಗಳವಾರ
ಹೆಲ್ಸಿಂಕಿಯಿಂದ ತುವೊಮೊ ಎಂಬವನ ಪತ್ರ.
ತುಂಬ ವಿನಯ; ಹೆದರಿಸಿದ್ದು ಅದೇ.
‘ಹೆಲ್ವಿಯವರೇ, ಬಿಡುವಾದಾಗ ಇದನ್ನೊಮ್ಮೆ ನೋಡಿ.’
ಕೆಳಗೆ ಒಂದೂವರೆ ಸಾಲು:
ಗಣಿತದ ಟ್ಯಾಗು, ಅದರ ಬಸಿರಲ್ಲಿ ಸ್ಟೈಲಿನ ಟ್ಯಾಗು,
ಅದರ ಬಸಿರಲ್ಲಿ ಬರಿಯ ಪಠ್ಯ,
ಓಡದ, ಮಿಸುಕದ, ತಣ್ಣಗಿನ ಅಕ್ಷರ.
ಜರಡಿಗೆ ಹಾಕಿದೆ. ಸ್ವಚ್ಛ ಎಂದಿತು.
ನಾನೂ ಕಣ್ಣಾರೆ ಕಂಡೆ: ಸ್ವಚ್ಛ.
ಬ್ರೌಸರಿನ ಕೈಗಿಟ್ಟೆ.
ಪರದೆಯ ನಟ್ಟನಡುವೆ ಪುಟ್ಟ ಪೆಟ್ಟಿಗೆ ಎದ್ದು
ಒಂದು ಎಂದಿತು.
ಬರೀ ಒಂದು.

ತೂತು ಹುಡುಕಿದೆ.
ಜರಡಿಯಲ್ಲಿ ತೂತು ಹುಡುಕುವವರುಂಟೆ,
ಮೈಯೆಲ್ಲ ಅದೇ!
ಬೆಳಗಿನ ಜಾವಕ್ಕೆ ಹೊಳೆಯಿತು:
ಯಾವುದೂ ನುಸುಳಿರಲಿಲ್ಲ.
ದಾಟಿದ ಮೇಲೆ ಬದಲಾಗಿತ್ತು.

ನಮ್ಮೂರಿಂದ ಅವನೂರಿಗೆ ಹಡಗಿನಲ್ಲಿ ಎರಡು ಗಂಟೆ.
ನಮ್ಮ ದಂಡೆಯಲ್ಲಿ ಹಲ್ಲಿತುಸ್ ಅಂದರೆ ಬೂಷ್ಟು,
ರೈ ರೊಟ್ಟಿಯ ಮೇಲೆ ನಾಲ್ಕನೇ ದಿನ ಏಳುವ ಹಸಿರು.
ಅವರ ದಂಡೆಯಲ್ಲಿ ಹಲ್ಲಿತುಸ್ ಅಂದರೆ ಸರಕಾರ.
ಅವೇ ಎಂಟಕ್ಷರ.
ದಾರಿಯಲ್ಲಿ ಯಾರೂ ತಿದ್ದುವುದಿಲ್ಲ,
ಸುಂಕದವನು ಚೀಲ ಬಿಚ್ಚಿ ನೋಡಿದರೂ
ಅಕ್ಷರಕ್ಕೆ ಅಕ್ಷರ ಸರಿ.
ಬೂಷ್ಟಾಗಿ ಹತ್ತಿದ್ದು
ಸರಕಾರವಾಗಿ ಇಳಿದು
ಅಪ್ಪಣೆ ಕೊಡಿಸತೊಡಗುತ್ತದೆ.

ನಾನು ಈ ದಂಡೆಯಲ್ಲಿ ನಿಂತು ಓದಿದೆ.
ಅದು ಆ ದಂಡೆಯಲ್ಲಿ ಇನ್ನೊಮ್ಮೆ ಓದಿಕೊಂಡಿತು.
ಒಂಬತ್ತು ವರ್ಷ ಯಾರ ಓದನ್ನು ಕಾದೆ ನಾನು?

ಹನ್ನೊಂದು ಸಾಲು ಬರೆದೆ. ನಾಲ್ಕು ಅಳಿಸಿದೆ.
ಗಣಿತವನ್ನೇ ಗಡಿಪಾರು ಮಾಡಿದೆ;
ಪಾಪ, ಸಮೀಕರಣ ಬರೆಯುವ ಮಕ್ಕಳು
ನಾಳೆ ಬಯ್ದಾರು.
ತುವೊಮೊನ ಹೆಸರನ್ನು ವಂದನೆಯ ಪಟ್ಟಿಗೆ ಸೇರಿಸಿ
ಹೊಸ ಆವೃತ್ತಿ ಬಿಟ್ಟು
ಅವನಿಗೆ ಬರೆದೆ: ಈಗ ನೋಡಿ.

ಅವನೂ ಮಲಗಿರಲಿಲ್ಲ.
‘ಇದು ಸರಿಹೋಗಿದೆ, ಧನ್ಯವಾದ.
ಎಸ್‌ವಿಜಿಯ ಒಳಗೆ ನೋಡಿದ್ದೀರಾ?’

ಹಸಿವಾಯಿತು.
ಡಬ್ಬಿ ತೆರೆದರೆ ರೊಟ್ಟಿಯ ಅಂಚಿಗೆ ಹಸಿರು.
ಕೆರೆದರೆ ಹೋಗುವುದು ಮೇಲಿನದಷ್ಟೇ,
ಬೇರು ಒಳಗಿಳಿದಿರುತ್ತದೆ ಅನ್ನುತ್ತಾರೆ.
ಕೆರೆದೆ.
ಬೆಣ್ಣೆ ಹಚ್ಚಿದೆ.
ಕೆಳಗೆ ಮೊದಲ ಟ್ರಾಮ್
ಖಾಲಿಯಾಗಿ ಬಂದು ತಿರುಗಿಕೊಂಡಿತು.